ಡಿಮೆನ್ಷಿಯಾ ಇರುವವರ ಮನೆಯಲ್ಲಿ ಯಾವ ಆ್ಯಪ್, ಯಾವ ಫೋನ್ ಸೇವೆ ನಿಜವಾಗಿ ಕೆಲಸಕ್ಕೆ ಬರುತ್ತದೆ?

ಶ್ರೀನಗರದ ಸೊಸೆ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮನ್ನೇ ಕೇಳುತ್ತಿದ್ದೇನೆ. ಫೋನಿನಲ್ಲಿ ಸಿಗುವ ಸೇವೆಗಳಲ್ಲಿ ಯಾವುದು ನಿಮ್ಮ ಕೈ ಹಿಡಿಯಿತು? ಹಾಕಿಕೊಂಡ ವಾರದಲ್ಲೇ ಬಿಟ್ಟದ್ದು ಯಾವುದು? ಈಗಲೂ ಬಳಸುತ್ತಿರುವುದು ಯಾವುದು?

ನಮ್ಮ ಮಾವನವರಿಗೆ ಅಲ್‌ಝೈಮರ್ಸ್, ಡಿಮೆನ್ಷಿಯಾದಲ್ಲೇ ಒಂದು ಬಗೆ. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಗಲು ಹೊತ್ತು ಶಾಂತವಾಗಿರುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಳಮಳ ಶುರು. ಸೆಕೆಂಡ್ ಶಿಫ್ಟ್ ಇದೆ, ಬಸ್ಸು ತಪ್ಪಿಹೋಗುತ್ತದೆ ಅಂತ ಚಪ್ಪಲಿ ಹುಡುಕುತ್ತಾರೆ. ನಮ್ಮ ಯಜಮಾನರು ಆ ಹೊತ್ತಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿರುತ್ತಾರೆ. ಅತ್ತೆಗೆ ಮಂಡಿನೋವು. ಹಾಗಾಗಿ ನಾನೇ ನಿಲ್ಲಬೇಕು.

ನಾನು ನೋಡಿದ ಆ್ಯಪ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ಕಾಯಿಲೆ ಇರುವವರೇ ಫೋನ್ ಹಿಡಿದು ಆಟ ಆಡುತ್ತಾರೆ, ರಿಮೈಂಡರ್ ನೋಡಿ ಮಾತ್ರೆ ನುಂಗುತ್ತಾರೆ ಅಂದುಕೊಂಡು ಮಾಡಿದಂಥವು. ಮಾವನವರಿಗೆ ಫೋನ್ ಸದ್ದಾದರೆ ಗಾಬರಿ. ಎಲ್ಲಿಂದ ಬರುತ್ತಿದೆ ಅಂತ ಮನೆಯೆಲ್ಲ ಹುಡುಕುತ್ತಾರೆ. ನೋಡಿಕೊಳ್ಳುವವರಿಗೆ ಅಂತ ಇರುವವು ಇಂಗ್ಲಿಷ್‌ನಲ್ಲಿವೆ, ಓದುವುದೂ ಜಾಸ್ತಿ. ನನಗೆ ಬೇಕಾಗಿರುವುದು ಸಂಜೆ ಆರೂವರೆಗೆ, ಒಂದು ಕೈಯಲ್ಲಿ ಅವರ ಕೈ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಳಸಬಹುದಾದದ್ದು. ಅಂಥದ್ದು ಇದೆಯಾ?

ಕತ್ರಿಗುಪ್ಪೆ ರಾಘು

ಮೇಡಂ, ಮೊದಲು ನಂಬರ್‌ಗಳನ್ನು ಬರೆದುಬಿಡುತ್ತೇನೆ. ಕಷ್ಟದ ಹೊತ್ತಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆಯೂ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ನಿಮ್ಹಾನ್ಸೇ ಇದಕ್ಕೆ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತಾಡಬಹುದು. ಇದು ಡಿಮೆನ್ಷಿಯಾಗೆ ಮಾತ್ರ ಅಂತ ಇರುವುದಲ್ಲ, ಮನಸ್ಸಿನ ಎಲ್ಲ ಕಷ್ಟಕ್ಕೂ. ಕಾಯಿಲೆ ನಮ್ಮ ಅಪ್ಪನದು, ನಾನು ಯಾಕೆ ಫೋನ್ ಮಾಡಲಿ ಅಂತ ಅಂದುಕೊಳ್ಳಬೇಡಿ. ನೋಡಿಕೊಳ್ಳುವವರ ನಿದ್ದೆ, ಸಿಟ್ಟು, ಅಳು ಎಲ್ಲದಕ್ಕೂ ಅಲ್ಲಿ ಮಾತಾಡಬಹುದು.

ಡಿಮೆನ್ಷಿಯಾಗೇ ಅಂತ ಇರುವುದು ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ಅವರ ಸಹಾಯವಾಣಿ, 8585 990 990. ಇದೂ ಬೆಂಗಳೂರಿನ ಸಂಸ್ಥೆಯೇ. ಡೆಮ್‌ಕ್ಲಿನಿಕ್ ಅಂತ ಇವರದೇ ಆನ್‌ಲೈನ್ ಮೆಮೊರಿ ಕ್ಲಿನಿಕ್ ಇದೆ. ಹಿರಿಯ ನಾಗರಿಕರ ಎಲ್ಡರ್ ಲೈನ್ 14567, ಬೆಳಗ್ಗೆ 8ರಿಂದ ರಾತ್ರಿ 8. ಯಾರಾದರೂ ಕಾಣೆಯಾದರೆ ತಡ ಮಾಡದೆ 112.

ಆ್ಯಪ್ ಹುಡುಕುವ ಮೊದಲು ಇವನ್ನು ಫ್ರಿಜ್ಜಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಮನೆಗೆಲಸದವರಿಗೂ ಕಾಣಬೇಕು.

ಹದಿನೆಂಟನೇ ಕ್ರಾಸ್

ನಾನು ಅಮ್ಮನನ್ನು ನೋಡಿಕೊಳ್ಳುತ್ತೇನೆ, ಮಲ್ಲೇಶ್ವರದಲ್ಲಿ. ಮೆದುಳಿಗೆ ಕಸರತ್ತು ಕೊಡುವ ಆಟಗಳ ಆ್ಯಪ್‌ಗಳಿಗೆ ದುಡ್ಡು ಕಟ್ಟುವ ಮೊದಲು ಎರಡು ಸಲ ಯೋಚಿಸಿ. ಆಟ ಆಡಿದರೆ ಮರೆವು ನಿಲ್ಲುತ್ತದೆ ಅಂತ ಜಾಹೀರಾತು ಕೊಟ್ಟಿದ್ದಕ್ಕೇ 2016ರಲ್ಲಿ ಲುಮಾಸಿಟಿ ಕಂಪನಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಆ ಮಾತಿಗೆ ಅವರ ಹತ್ತಿರ ಸರಿಯಾದ ಪುರಾವೆ ಇರಲಿಲ್ಲ. ಅಮ್ಮನಿಗೆ ಖುಷಿಯಾದರೆ ಆಡಲಿ, ಬೇಡ ಅನ್ನುವುದಿಲ್ಲ. ಆದರೆ ತಪ್ಪು ಉತ್ತರ ಕೊಟ್ಟಾಗ ಕೆಂಪು ಗುರುತು ತೋರಿಸುವ ಆಟ ಮಾತ್ರ ಬೇಡವೇ ಬೇಡ. ದಿನವಿಡೀ ತಾನು ತಪ್ಪುತ್ತಿದ್ದೇನೆ ಅಂತ ಒಳಗೊಳಗೇ ಹೆದರುತ್ತಿರುವವರಿಗೆ ಅದನ್ನೇ ಫೋನೂ ಹೇಳಬೇಕಾ?

ನಮ್ಮನೆಯಲ್ಲಿ ಚೆನ್ನಾಗಿ ನಡೆಯುವುದು ಹಾಡು. ದಾಸರ ಪದಗಳನ್ನೆಲ್ಲ ಒಂದು ಕಡೆ ಸೇರಿಸಿ ಇಟ್ಟಿದ್ದೇನೆ. ನನ್ನ ಹೆಸರು ನೆನಪಾಗದ ದಿನವೂ ಅಮ್ಮ ಪದದ ಮುಂದಿನ ಸಾಲು ಹಾಡುತ್ತಾರೆ. ಬ್ಲೂಟೂತ್ ಸ್ಪೀಕರ್ ಅಡುಗೆಮನೆಯಲ್ಲಿ, ಫೋನ್ ನನ್ನ ಜೇಬಿನಲ್ಲಿ.

ಆಸ್ಪತ್ರೆ ಕೆಲಸದವಳು

ನಾನು ವೈದ್ಯಕೀಯ ಸಮಾಜ ಕಾರ್ಯಕರ್ತೆ. ಇಂಥ ಮನೆಗಳ ಜೊತೆಯೇ ನನ್ನ ಕೆಲಸ. ಸೊಸೆ ಮೇಡಂ ಕೇಳಿದ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ. ಅದಕ್ಕೆ ಒಂದು ಅಧ್ಯಯನದ ಕಡೆಯಿಂದ ಉತ್ತರ ಕೊಡುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯವರು ಐಸಪೋರ್ಟ್ ಅಂತ ಒಂದು ಆನ್‌ಲೈನ್ ತರಬೇತಿ ಮಾಡಿದ್ದಾರೆ. ಪೂರ್ತಿ ನೋಡಿಕೊಳ್ಳುವವರಿಗಾಗಿಯೇ. 5 ಭಾಗ, 23 ಪಾಠ. ಕಾಯಿಲೆ ಅಂದರೇನು, ದಿನದ ಆರೈಕೆ ಹೇಗೆ, ವರ್ತನೆ ಬದಲಾದಾಗ ಏನು ಮಾಡಬೇಕು, ನಮ್ಮನ್ನು ನಾವು ಹೇಗೆ ನೋಡಿಕೊಳ್ಳಬೇಕು, ಎಲ್ಲ ಇದೆ. ವಿಷಯ ಒಳ್ಳೆಯದು. ನಿಮ್ಹಾನ್ಸ್ ತಂಡ ಇದನ್ನು ಭಾರತಕ್ಕೆ ಹೊಂದಿಸಿ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. 151 ಜನ ಸೇರಿದ್ದರು. ಮೂರು ತಿಂಗಳ ನಂತರದ ಅಳತೆಯವರೆಗೆ ಉಳಿದವರು 55 ಜನ. ಆರೈಕೆಯ ಹೊರೆ, ಖಿನ್ನತೆ ಇವುಗಳಲ್ಲಿ ಎದ್ದು ಕಾಣುವ ಬದಲಾವಣೆ ಬರಲಿಲ್ಲ. ಕಾಯಿಲೆ ಇರುವವರನ್ನು ಒಬ್ಬ ವ್ಯಕ್ತಿಯಾಗಿ ನೋಡುವ ಮನೋಭಾವ ಮಾತ್ರ ಹೆಚ್ಚಾಯಿತು. ಅದೇನೂ ಸಣ್ಣ ವಿಷಯವಲ್ಲ.

ಆದರೆ ನನ್ನ ಕಣ್ಣು ನಿಂತದ್ದು 151 ಮತ್ತು 55ರ ನಡುವಿನ ಅಂತರದ ಮೇಲೆ. ಬಿಟ್ಟುಹೋದವರಿಗೆ ಮನಸ್ಸಿಲ್ಲ ಅಂತ ನಾನು ಒಪ್ಪುವುದಿಲ್ಲ. ದಿನಾ ನೋಡುತ್ತೇನಲ್ಲ, ಅವರಿಗೆ ಕೂತು ಪಾಠ ಓದುವ ಹೊತ್ತೇ ಇರುವುದಿಲ್ಲ. ಬೆಳಗ್ಗೆ ಸ್ನಾನ ಮಾಡಿಸುವುದರಲ್ಲೇ ಅರ್ಧ ದಿನ ಹೋಗಿರುತ್ತದೆ. ಹಾಗಾಗಿ ಯಾರೇ ಯಾವುದೇ ಸೇವೆ ಕಟ್ಟಲಿ, ಮನುಷ್ಯರ ದನಿ ಅದರಲ್ಲಿ ಇರಬೇಕು. ಕನ್ನಡದಲ್ಲಿ ಇರಬೇಕು. ಹೋದ ವಾರ ಹೇಳಿದ್ದನ್ನು ನೆನಪಿಟ್ಟುಕೊಂಡು ಮಾತಾಡಬೇಕು. ಪ್ರತಿ ಸಲ ಹೊಸಬರಿಗೆ ಮೊದಲಿನಿಂದ ಕಥೆ ಹೇಳುವುದೇ ಒಂದು ದೊಡ್ಡ ಸುಸ್ತು.

ಸಂಜೆ ತಳಮಳದ ಬಗ್ಗೆ: ನೀವು ರಿಟೈರ್ ಆಗಿದ್ದೀರಿ, ಈಗ ಶಿಫ್ಟ್ ಇಲ್ಲ ಅಂತ ವಾದ ಮಾಡಬೇಡಿ. ಅವರಿಗೆ ಅದು ಆ ಕ್ಷಣ ಸಿಕ್ಕ ಹೊಸ ಕೆಟ್ಟ ಸುದ್ದಿ. "ಬಸ್ಸಿಗೆ ಇನ್ನೂ ಹೊತ್ತಿದೆ, ತಿಂಡಿ ತಿನ್ನಿ" ಅಂತ ಕೂರಿಸಿ. ಮೆಷಿನ್ ಬಗ್ಗೆ, ಜೊತೆಗೆ ಕೆಲಸ ಮಾಡಿದವರ ಬಗ್ಗೆ ಕೇಳಿ. ಕತ್ತಲಾಗುವ ಮೊದಲೇ ಲೈಟ್ ಎಲ್ಲ ಹಾಕಿ. ಮಬ್ಬು ಬೆಳಕಿನಲ್ಲಿ ನೆರಳು ನೋಡಿ ಗಾಬರಿ ಜಾಸ್ತಿಯಾಗುತ್ತದೆ. ಸಾಧ್ಯವಾದರೆ ಸಂಜೆ ಐದಕ್ಕೆ ಜೊತೆಗೆ ಒಂದು ಸುತ್ತು ನಡೆಯಿರಿ. ತಳಮಳ ಒಂದೆರಡು ದಿನದಲ್ಲಿ ಏಕಾಏಕಿ ಜಾಸ್ತಿಯಾದರೆ ಮಾತ್ರ ಡಿಮೆನ್ಷಿಯಾ ಮುಂದುವರಿಯಿತು ಅಂತ ಸುಮ್ನೆ ಇರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಮ್ಮಿಯಾಗುವುದು, ಎಲ್ಲೋ ನೋವು, ಹೊಸದಾಗಿ ಶುರುವಾದ ಮಾತ್ರೆ, ಇವೆಲ್ಲ ಹಾಗೆ ಮಾಡುತ್ತವೆ. ಡಾಕ್ಟರಿಗೆ ತೋರಿಸಲೇಬೇಕು.

ಶ್ರೀನಗರದ ಸೊಸೆ

"ಹೊಸ ಕೆಟ್ಟ ಸುದ್ದಿ" ಅಂದಿರಲ್ಲ ಮೇಡಂ, ಅದನ್ನು ಓದಿ ಅತ್ತೆಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಇನ್ನೊಂದು ಪ್ರಶ್ನೆ. ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೇ ಯುದ್ಧ. ಒಪಿಡಿಯಲ್ಲಿ ಕಾಯುವಾಗ ಎದ್ದು ಹೊರಟುಬಿಡುತ್ತಾರೆ. ವಿಡಿಯೊದಲ್ಲಿ ಡಾಕ್ಟರ್ ನೋಡುತ್ತಾರೆ ಅಂದರೂ ಅವರು ಫೋನ್ ಮುಂದೆ ಕೂರುವುದಿಲ್ಲ. ಅವರಿಲ್ಲದೆ ನಾನೇ ಮಾತಾಡಿದರೆ ಡಾಕ್ಟರ್ ಒಪ್ಪುತ್ತಾರಾ?

ಆಸ್ಪತ್ರೆ ಕೆಲಸದವಳು

ನಿಯಮ ಒಪ್ಪುತ್ತದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಇದು ಬಿಡಿಸಿ ಬರೆದಿದೆ. ರೋಗಿ ತಾನೇ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನೋಡಿಕೊಳ್ಳುವವರು ಅವರ ಪರವಾಗಿ ಡಾಕ್ಟರ್ ಜೊತೆ ಮಾತಾಡಬಹುದು. ಉದಾಹರಣೆಗೆ ಅಂತ ಅಲ್ಲಿ ಕೊಟ್ಟಿರುವುದೇ ಡಿಮೆನ್ಷಿಯಾ. ಯಾವುದಾದರೂ ಆ್ಯಪ್‌ನಲ್ಲಿ "ರೋಗಿ ಕಾಣಲೇಬೇಕು" ಅಂತ ಕರೆ ಕಟ್ ಮಾಡಿದರೆ ಇದನ್ನು ಹೇಳಿ.

ಅದರ ಮಿತಿಯೂ ಗೊತ್ತಿರಲಿ. ನೋಡದೆ ಹೇಳಲಾಗದು ಅನ್ನಿಸಿದರೆ ಬನ್ನಿ ಅನ್ನುವ ಹಕ್ಕು ಡಾಕ್ಟರಿಗೆ ಇದೆ. ಕಾನೂನು ಬಿಗಿಯಾಗಿ ನಿಯಂತ್ರಿಸುವ ಶೆಡ್ಯೂಲ್ ಎಕ್ಸ್ ಮತ್ತು ನಾರ್ಕೋಟಿಕ್ ಮಾತ್ರೆಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಮೊದಲ ಸಲದ ಪರೀಕ್ಷೆ ಎದುರಿಗೇ ಆಗಲಿ ಅನ್ನುವುದು ನನ್ನ ಆಸೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು, ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ರಕ್ತಪರೀಕ್ಷೆ, ಸ್ಕ್ಯಾನ್ ಮಾಡದೆ ವಯಸ್ಸಾಯಿತು, ಅರಳುಮರಳು ಅಂತ ಬಿಟ್ಟರೆ ಗುಣವಾಗಬಹುದಾದದ್ದೂ ಕೈತಪ್ಪುತ್ತದೆ.

ಹದಿನೆಂಟನೇ ಕ್ರಾಸ್

ಮಾತ್ರೆ ವಿಷಯ ಬಂತು, ಹೇಳಲೇಬೇಕು. ಒಂದು ಆನ್‌ಲೈನ್ ಸೇವೆಯಲ್ಲಿ ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ ಅಂದೆ. ಕೆಲವೇ ನಿಮಿಷದ ಮಾತು, ಮಾತ್ರೆ ಚೀಟಿ ಬಂತು. ಬೇರೆ ಏನು ಮಾತ್ರೆ ತಗೊಳ್ಳುತ್ತಾರೆ ಅಂತಲೂ ಕೇಳಲಿಲ್ಲ. ಅಮ್ಮ ಹಗಲೂ ತೂಗಾಡತೊಡಗಿದರು, ಬಚ್ಚಲಲ್ಲಿ ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ನಮ್ಮ ಹಳೆಯ ಡಾಕ್ಟರ್ ನೋಡಿ ಅದನ್ನು ನಿಲ್ಲಿಸಿದರು.

ಆಸ್ಪತ್ರೆ ಕೆಲಸದವಳು

ನಿಮ್ಮ ಅಮ್ಮನಿಗೆ ಕೊಟ್ಟದ್ದು ಯಾವುದೋ ಗೊತ್ತಿಲ್ಲ. ಆದರೆ ತಳಮಳ ತಗ್ಗಿಸಲು ಕೊಡುವ ಆ್ಯಂಟಿಸೈಕೋಟಿಕ್ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಅತ್ಯಂತ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಅವು ಸಾವಿನ ಅಪಾಯ ಹೆಚ್ಚಿಸುತ್ತವೆ. ಕೆಲವು ಸಲ ಬೇಕಾಗುತ್ತವೆ, ನಿಜ. ಆಗ ಕಮ್ಮಿ ಪ್ರಮಾಣ, ಕಮ್ಮಿ ದಿನ, ನಡುನಡುವೆ ಪರಿಶೀಲನೆ. ನೀವಾಗಿ ಏಕಾಏಕಿ ನಿಲ್ಲಿಸಲೂಬೇಡಿ. ಎಲ್ಲ ಮಾತ್ರೆಗಳ ಪಟ್ಟಿಯ ಫೋಟೊ ಫೋನಿನಲ್ಲಿ ಇರಲಿ, ಯಾವ ಡಾಕ್ಟರಿಗೆ ಕರೆ ಮಾಡಿದರೂ ಮೊದಲು ಅದನ್ನೇ ಕಳಿಸಿ.

ದೂರದ ಮಗ

ನಾನು ಜರ್ಮನಿಯಲ್ಲಿದ್ದೇನೆ. ಅಪ್ಪ ಬನಶಂಕರಿಯಲ್ಲಿ, ಜೊತೆಗೆ ಹೋಮ್ ನರ್ಸ್ ಒಬ್ಬರು. ಮನೆಯಲ್ಲಿ ಎಲ್ಲ ಕೋಣೆಗೂ ಕ್ಯಾಮೆರಾ ಹಾಕಿಸಿದ್ದೇನೆ. ಅಪ್ಪ ಏನು ಮಾಡುತ್ತಿದ್ದಾರೆ ಅಂತ ಇಲ್ಲಿಂದ ನೋಡುತ್ತೇನೆ. ಅದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಡಿಜಿಟಲ್ ಅಂದರೆ ನನಗೆ ಇದೇ ದೊಡ್ಡ ಸಹಾಯ.

ಕತ್ರಿಗುಪ್ಪೆ ರಾಘು

ಸರ್, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಎಲ್ಲ ಕೋಣೆ ಅಂದರೆ ಮಲಗುವ ಕೋಣೆಯೂ ಸೇರಿತಾ? ಬಟ್ಟೆ ಬದಲಿಸುವುದು, ಡಯಪರ್ ಬದಲಿಸುವುದು ಅಲ್ಲೇ ಅಲ್ವಾ. ಜೀವನವಿಡೀ ಮರ್ಯಾದೆಯಿಂದ ಬದುಕಿದವರು. ಈಗ ಬೇಡ ಅನ್ನಲು ಅವರಿಗೆ ಆಗುವುದಿಲ್ಲ, ಅಷ್ಟೇ.

ದೂರದ ಮಗ

ಹಾಗಾದರೆ ರಾತ್ರಿ ಬಿದ್ದರೆ ಗೊತ್ತಾಗುವುದು ಹೇಗೆ ಸರ್? ನರ್ಸ್ ನಿದ್ದೆ ಮಾಡಿರುತ್ತಾರೆ. ಒಮ್ಮೆ ಬಾಗಿಲು ತೆಗೆದು ಗೇಟಿನವರೆಗೂ ಹೋಗಿದ್ದರು.

ಹಾಸನದ ಹುಡುಗಿ

ನಾನು ಹೋಮ್ ನರ್ಸ್ ಕೆಲಸ ಮಾಡುವವಳು. ಊರು ಹಾಸನದ ಕಡೆ. ಇಲ್ಲಿ ನಮ್ಮಂಥವರು ಬರೆಯುವುದು ಕಮ್ಮಿ, ಆದರೂ ಬರೆಯುತ್ತೇನೆ.

ಸರ್, ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ಹಾಲ್‌ನಲ್ಲಿ, ಬಾಗಿಲ ಹತ್ತಿರ ಇರಲಿ. ಅದು ನಮಗೂ ಒಳ್ಳೆಯದು, ಸುಮ್ನೆ ದೂರು ಬಂದಾಗ ಸಾಕ್ಷಿ ಇರುತ್ತದೆ. ಆದರೆ ಇಪ್ಪತ್ನಾಲ್ಕು ಗಂಟೆಯ ಡ್ಯೂಟಿಯಲ್ಲಿ ನಾವೂ ಮನುಷ್ಯರು. ನಾವು ಮಲಗುವುದೂ ಅಜ್ಜನ ಕೋಣೆಯಲ್ಲೇ. ರಾತ್ರಿಗೆ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಅಲಾರಂ ಸಿಗುತ್ತದೆ. ಬಾಗಿಲು ತೆರೆದರೆ ಕೂಗುತ್ತದೆ, ನಾವು ಎದ್ದೇಳುತ್ತೇವೆ. ಬಚ್ಚಲಿನ ದಾರಿಗೆ ಆಳು ಓಡಾಡಿದರೆ ಹತ್ತುವ ಲೈಟ್ ಹಾಕಿಸಿ. ಹೆಚ್ಚಿನವರು ಬೀಳುವುದು ರಾತ್ರಿ ಬಚ್ಚಲಿಗೆ ಹೋಗುವಾಗಲೇ, ನಾನು ಇದ್ದ ಮನೆಗಳಲ್ಲಿ ಹಾಗೇ.

ಇನ್ನೊಂದು ಮಾತು. ನಮ್ಮನ್ನು ಕಳಿಸುವ ಏಜೆನ್ಸಿಯ ಆ್ಯಪ್‌ನಲ್ಲಿ ಹಾಜರಿಗೆ ಫೋಟೊ ಹಾಕಬೇಕು, ಬಿಪಿ ಬರೆಯಬೇಕು. ಅಜ್ಜ ಏನು ಕೆಲಸ ಮಾಡುತ್ತಿದ್ದರು, ಕಾಫಿಗೆ ಸಕ್ಕರೆ ಎಷ್ಟು, ಯಾವ ಮಾತಿಗೆ ಸಿಟ್ಟು ಬರುತ್ತದೆ, ಹೆಂಡತಿ ಹೆಸರೇನು, ಇದನ್ನು ಹೇಳುವ ಜಾಗವೇ ಅದರಲ್ಲಿ ಇಲ್ಲ. ಹೊಸ ಮನೆಗೆ ಹೋದಾಗ ಇವೆಲ್ಲ ತಿಳಿಯುವಷ್ಟರಲ್ಲಿ ಎಷ್ಟೋ ದಿನ ಹೋಗುತ್ತವೆ. ಆ ದಿನಗಳಲ್ಲಿ ಅವರಿಗೂ ಹೆದರಿಕೆ, ನಮಗೂ ಹೊಡೆತ. ಮನೆಯವರ ವಾಟ್ಸಾಪ್ ಗ್ರೂಪಿಗೂ ನಮ್ಮನ್ನು ಸೇರಿಸುವುದಿಲ್ಲ. ಡಾಕ್ಟರ್ ಏನು ಹೇಳಿದರು ಅಂತ ನಮಗೆ ಕೊನೆಗೆ ಗೊತ್ತಾಗುತ್ತದೆ. ದಿನವೆಲ್ಲ ಅವರ ಜೊತೆ ಇರುವವರು ನಾವು. ಬರೆದು ಕಳಿಸಿದರೆ ಓದಲು ಕೆಲವರಿಗೆ ಕಷ್ಟ, ದನಿಯಲ್ಲಿ ಹೇಳಿ ಕಳಿಸಿ.

ಶ್ರೀನಗರದ ಸೊಸೆ

ತಂಗಿ, ಈ ಚರ್ಚೆಗೆ ನೀವು ಬಂದದ್ದು ಬಹಳ ಒಳ್ಳೆಯದಾಯಿತು. ಆ್ಯಪ್ ಮಾಡುವವರು ಮೊದಲು ಕೇಳಬೇಕಾದದ್ದು ನಿಮ್ಮನ್ನೇ.

ದೂರದ ಮಗ

ಒಪ್ಪುತ್ತೇನೆ. ಮಲಗುವ ಕೋಣೆಯ ಕ್ಯಾಮೆರಾ ತೆಗೆಸುತ್ತೇನೆ. ಬಾಗಿಲಿನ ಅಲಾರಂ ಈ ವಾರವೇ ಹಾಕಿಸುತ್ತೇನೆ. ಅಪ್ಪನ ಬಗ್ಗೆ ಒಂದು ಆಡಿಯೊ ಮಾಡಿ ನರ್ಸ್‌ಗೆ ಕಳಿಸುತ್ತೇನೆ.

ಕತ್ರಿಗುಪ್ಪೆ ರಾಘು

ಹೊರಗೆ ಹೋಗಿಬಿಡುವ ಸಮಸ್ಯೆಗೆ ಬರೋಣ. ನಮ್ಮ ಚಿಕ್ಕಪ್ಪನಿಗೆ ಎರಡು ಥರದ ಸಾಧನ ಬಳಸಿ ನೋಡಿದ್ದೇವೆ. ಒಂದು, ಬ್ಲೂಟೂತ್ ಟ್ಯಾಗ್. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಅದಕ್ಕೆ ತನ್ನದೇ ಆದ ಜಿಪಿಎಸ್ ಇಲ್ಲ. ಸುತ್ತಮುತ್ತ ಯಾರದ್ದಾದರೂ ಫೋನ್ ಅದನ್ನು ಗುರುತಿಸಿದರೆ ಮಾತ್ರ ಜಾಗ ಗೊತ್ತಾಗುತ್ತದೆ. ಗಾಂಧಿ ಬಜಾರ್, ಮೆಜೆಸ್ಟಿಕ್‌ನಲ್ಲಿ ಸರಿ, ಜನ ಇಲ್ಲದ ಕಡೆ ಕಷ್ಟ. ಎರಡು, ಸಿಮ್ ಇರುವ ಜಿಪಿಎಸ್ ವಾಚ್. ಜಾಗ ಸರಿಯಾಗಿ ತೋರಿಸುತ್ತದೆ, ಆದರೆ ಆಗಾಗ ಚಾರ್ಜ್ ಮಾಡಬೇಕು, ಸಿಮ್‌ಗೆ ರೀಚಾರ್ಜ್ ಮಾಡಬೇಕು. ಅವರು ಬಿಚ್ಚಿ ಎಲ್ಲೋ ಇಟ್ಟುಬಿಡುತ್ತಾರೆ. ನಾವು ಟ್ಯಾಗನ್ನು ಅಂಗಿಯ ಒಳಜೇಬಿನಲ್ಲಿ ಹೊಲಿದುಬಿಟ್ಟೆವು, ಒಗೆಯುವಾಗ ಬಿಚ್ಚುತ್ತೇವೆ. ಜೊತೆಗೆ ಕಾಲರ್ ಒಳಗೆ ಫೋನ್ ನಂಬರ್ ಬರೆದ ಬಟ್ಟೆ ಚೂರು. ಅವರು ಕಾಣೆಯಾದ ಎರಡು ಸಲವೂ ಅವರನ್ನು ಮನೆಗೆ ತಂದದ್ದು ಆ ಬಟ್ಟೆ ಚೂರೇ. ಒಮ್ಮೆ ಬಿಎಂಟಿಸಿ ಕಂಡಕ್ಟರ್, ಒಮ್ಮೆ ಹೂವಿನ ಅಂಗಡಿಯವರು ಫೋನ್ ಮಾಡಿದರು.

ಕ್ಯೂಆರ್ ಕೋಡ್ ಇರುವ ಕೈಪಟ್ಟಿಯೂ ಬಂದಿದೆ. ಅದರ ಜೊತೆ ನಂಬರನ್ನೂ ಅಂಕಿಯಲ್ಲಿ ಬರೆಸಿ. ದಾರಿಯಲ್ಲಿ ಸಿಕ್ಕವರು ಅಪರಿಚಿತರ ಕೋಡ್ ಸ್ಕ್ಯಾನ್ ಮಾಡಲು ಹೆದರುತ್ತಾರೆ. ಈಗಿನ ಮೋಸಗಳ ಕಾಲದಲ್ಲಿ ಅದು ಸಹಜವೇ.

ಹದಿನೆಂಟನೇ ಕ್ರಾಸ್

ಮೋಸ ಅಂದಾಗ ನೆನಪಾಯಿತು. ಕಾಯಿಲೆಯ ಶುರುವಿನಲ್ಲಿ ಇರುವವರು ಇನ್ನೂ ತಾವೇ ಫೋನ್ ಬಳಸುತ್ತಾರೆ, ದುಡ್ಡು ಕಳಿಸುತ್ತಾರೆ. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರಿಗೆ ಇವರು ಸುಲಭದ ಬಲಿ. ಪೂರ್ತಿ ಫೋನ್ ಕಿತ್ತುಕೊಂಡರೆ ಮನಸ್ಸು ಮುರಿಯುತ್ತದೆ. ಏನು ಮಾಡುವುದು?

ಯಲಹಂಕ ಡೆವಲಪರ್

ಇದಕ್ಕೆ ಒಂದು ದಾರಿ ಇದೆ. ಯುಪಿಐ ಸರ್ಕಲ್ ಅಂತ 2024ರ ಆಗಸ್ಟ್‌ನಲ್ಲಿ ಬಂತು. ನೀವು ಮುಖ್ಯ ಬಳಕೆದಾರರು, ಅಮ್ಮ ಎರಡನೆಯವರು. ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಎರಡು ಬಗೆ ಇದೆ. ಒಂದರಲ್ಲಿ ಅಮ್ಮ ಕಳಿಸುವ ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಬೇಕು. ಇನ್ನೊಂದರಲ್ಲಿ ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000 ರೂಪಾಯಿ ಮಿತಿಯಲ್ಲಿ ಅವರೇ ಕಳಿಸಬಹುದು. ಮೊದಲನೆಯದನ್ನು ಹಾಕಿ. ಸೊಪ್ಪಿನವರಿಗೆ, ಹಾಲಿನವರಿಗೆ ಅಮ್ಮನೇ ಕೊಟ್ಟ ಹಾಗೂ ಆಗುತ್ತದೆ, ದೊಡ್ಡ ಮೊತ್ತ ಕೈಬಿಡುವುದೂ ಇಲ್ಲ. ಅವರ ಸ್ವಂತ ಖಾತೆಯ ಯುಪಿಐ ಮಿತಿಯನ್ನು ಬ್ಯಾಂಕಿನಲ್ಲಿ ಹೇಳಿ ತಗ್ಗಿಸಿ. ಮೋಸ ಆದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಾನು ಇಲ್ಲಿಗೆ ಬಂದದ್ದಕ್ಕೆ ಬೇರೆ ಕಾರಣವೂ ಇದೆ. ನಾವು ಕೆಲವು ಗೆಳೆಯರು ಸೇರಿ ಕನ್ನಡದಲ್ಲಿ ಡಿಮೆನ್ಷಿಯಾ ಆರೈಕೆಗೆ ಒಂದು ಆ್ಯಪ್ ಮಾಡಬೇಕು ಅಂತಿದ್ದೇವೆ. ಮಾತ್ರೆ ರಿಮೈಂಡರ್, ಜ್ಞಾಪಕದ ಪರೀಕ್ಷೆ, ಆಟ, ಚಾಟ್‌ಬಾಟ್ ಇಷ್ಟು ಯೋಚಿಸಿದ್ದೆವು. ಮೇಲಿನದೆಲ್ಲ ಓದಿದ ಮೇಲೆ ನೇರವಾಗಿ ಕೇಳುತ್ತೇನೆ, ಏನು ಮಾಡಬೇಕು?

ಆಸ್ಪತ್ರೆ ಕೆಲಸದವಳು

ಜ್ಞಾಪಕದ ಪರೀಕ್ಷೆ ನೀವು ಹೊಸದಾಗಿ ಮಾಡಬೇಡಿ, ದಯವಿಟ್ಟು. ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ತಂದರೆ ಸಾಲದು. ಶಾಲೆಗೆ ಹೋಗದವರಿಗೆ ಗಡಿಯಾರ ಬಿಡಿಸಿ, ನೂರರಿಂದ ಏಳೇಳು ಕಳೆಯಿರಿ ಅಂದರೆ ಕಾಯಿಲೆ ಇಲ್ಲದವರೂ ತಪ್ಪುತ್ತಾರೆ. ಓದಿದವರು ಕಾಯಿಲೆ ಇದ್ದರೂ ಪಾಸಾಗಿಬಿಡುತ್ತಾರೆ. ಇದೇ ಕಾರಣಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಮುದ್ರಾ ಟೂಲ್‌ಬಾಕ್ಸ್ ಅಂತ ಅದರ ಹೆಸರು. ತರಬೇತಿ ಆದವರು ಮಾಡಬೇಕಾದ ಪರೀಕ್ಷೆ ಅದು. ಆ್ಯಪ್ ತೆರೆದು ಮಗ ಅಪ್ಪನಿಗೆ ಅಂಕ ಕೊಡುವ ಹಾಗೆ ಆಗಬಾರದು.

ಚಾಟ್‌ಬಾಟ್ ಬಗ್ಗೆ ನನಗೆ ಹೆದರಿಕೆ ಇದೆ. "ಊಟ ಬಿಟ್ಟಿದ್ದಾರೆ, ಏನು ಮಾಡಲಿ" ಅಂತ ರಾತ್ರಿ ಯಾರೋ ಕೇಳುತ್ತಾರೆ. ಅದು ಹಲ್ಲುನೋವಾ, ನುಂಗಲು ಆಗದಿರುವುದಾ, ಕೊನೆಯ ಹಂತವಾ? ನುಂಗಲು ಆಗದವರಿಗೆ ಬಲವಂತವಾಗಿ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಅಂಥ ಪ್ರಶ್ನೆ ಬಂದ ತಕ್ಷಣ ಮನುಷ್ಯರಿಗೆ ಕರೆ ಹೋಗುವ ವ್ಯವಸ್ಥೆ ಇಲ್ಲದಿದ್ದರೆ ಬೇಡ.

ಯಲಹಂಕ ಡೆವಲಪರ್

ಸರಿ ಮೇಡಂ. ಪರೀಕ್ಷೆ ತೆಗೆದೆ, ಚಾಟ್‌ಬಾಟೂ ಸದ್ಯಕ್ಕೆ ಬೇಡ. ಮಾಡಬೇಕಾದದ್ದು?

ಶ್ರೀನಗರದ ಸೊಸೆ

ನಾನು ಹೇಳಲಾ? ಒಂದೇ ದೊಡ್ಡ ಗುಂಡಿ. ಒತ್ತಿದರೆ ದನಿ ರೆಕಾರ್ಡ್ ಆಗಬೇಕು. "ಇವತ್ತು ಮಧ್ಯಾಹ್ನ ಮಲಗಲಿಲ್ಲ, ಸಂಜೆ ಬೇಗ ಶುರುವಾಯಿತು" ಅಂತ ನಾನು ಹೇಳಿದ್ದು ತಾರೀಕಿನ ಜೊತೆ ಉಳಿಯಬೇಕು. ಡಾಕ್ಟರ್ ಹತ್ತಿರ ಹೋದಾಗ ಅವರು "ಹೇಗಿದ್ದಾರೆ" ಅಂತ ಕೇಳುತ್ತಾರೆ. ನನಗೆ ನಿನ್ನೆಯದು ಮಾತ್ರ ನೆನಪಿರುತ್ತದೆ. ತಿಂಗಳಿನದು ಒಂದು ಪುಟದಲ್ಲಿ ತೆಗೆದುಕೊಡುವಂತಿದ್ದರೆ ಸಾಕು.

ಆಮೇಲೆ ಆ ಹುಡುಗಿ ಹೇಳಿದ್ದು. ಮಾವನವರ ಬಗ್ಗೆ ಒಂದು ಪುಟ, ಕೇಳುವ ಹಾಗೆ. ಹೊಸಬರು ಬಂದರೆ ಹತ್ತು ನಿಮಿಷದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಹದಿನೆಂಟನೇ ಕ್ರಾಸ್

ಮೂರನೆಯದು ನನ್ನದು. ನಾನು ಒಂದು ಗಂಟೆ ಹೊರಗೆ ಹೋಗಬೇಕಾದರೆ ಅಮ್ಮನ ಜೊತೆ ಕೂರಲು ಯಾರಿದ್ದಾರೆ? ನಮ್ಮ ಏರಿಯಾದಲ್ಲಿ ಡೇ ಕೇರ್ ಎಲ್ಲಿದೆ, ಸೀಟು ಇದೆಯಾ, ದಿನಕ್ಕೆ ಎಷ್ಟು? ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರ ಕೇಂದ್ರ ಕಸ್ತೂರಿನಗರದಲ್ಲಿದೆ. ಮಲ್ಲೇಶ್ವರದಿಂದ ಅಮ್ಮನನ್ನು ದಿನಾ ಅಲ್ಲಿಗೆ ಕರೆದೊಯ್ಯುವುದು ಆಗದ ಮಾತು. ಹತ್ತಿರದಲ್ಲಿ ಏನಿದೆ ಅಂತ ಒಂದು ಕಡೆ ತಾಜಾ ಮಾಹಿತಿ ಇದ್ದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನನಗೆ ಬೇಕಾದ ಬಿಡುವನ್ನು ಯಾವ ಆ್ಯಪೂ ತಾನಾಗಿ ಕೊಡಲಾರದು, ಆದರೆ ಅದು ಎಲ್ಲಿ ಸಿಗುತ್ತದೆ ಅಂತ ತೋರಿಸಬಹುದು.

ಶ್ರೀನಿವಾಸಪುರದವಳು

ನೀವೆಲ್ಲ ಬೆಂಗಳೂರಿನ ಮಾತಾಡುತ್ತಿದ್ದೀರಿ. ನಾನು ಬೆಂಗಳೂರಿನಲ್ಲೇ ಕೆಲಸ ಮಾಡುತ್ತೇನೆ, ಅಮ್ಮ ಕೋಲಾರ ಜಿಲ್ಲೆಯ ಹಳ್ಳಿಯಲ್ಲಿ ಅಣ್ಣನ ಜೊತೆ. ಅತ್ತಿಗೆ ಹತ್ತಿರ ಗುಂಡಿ ಫೋನ್. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮೆದುಳು ಸಂಶೋಧನಾ ಕೇಂದ್ರದವರು ವಯಸ್ಸಾದವರ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ಜ್ಞಾಪಕ ಪರೀಕ್ಷೆ ಅಂದರೆ ಏನು ಅಂತ ಊರಿನವರಿಗೆ ಗೊತ್ತಾದದ್ದೇ ಅದರಿಂದ. ಆದರೆ ದಿನದ ಆರೈಕೆಗೆ ಅತ್ತಿಗೆ ಯಾರನ್ನು ಕೇಳಬೇಕು? ಸ್ಮಾರ್ಟ್‌ಫೋನ್ ಇಲ್ಲದವರಿಗೆ ನಿಮ್ಮ ಆ್ಯಪ್‌ನಿಂದ ಏನು ಸಿಗುತ್ತದೆ?

ಆಸ್ಪತ್ರೆ ಕೆಲಸದವಳು

ಕೋಲಾರ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಅಕ್ಕ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದು ಕೋಲಾರ, ಚಿಕ್ಕಬಳ್ಳಾಪುರ ಮತ್ತು ನಮ್ಮ ಜಯನಗರ ಜನರಲ್ ಆಸ್ಪತ್ರೆ. ಬ್ರೇನ್ ಹೆಲ್ತ್ ಕ್ಲಿನಿಕ್ ಅಂತ ಕೇಳಿ. ಅತ್ತಿಗೆಗೆ 14416 ಗುಂಡಿ ಫೋನಿನಿಂದಲೇ ಸಿಗುತ್ತದೆ, ಇಂಟರ್‌ನೆಟ್ ಬೇಡ.

ಯಲಹಂಕದವರೇ, ಈ ಅಕ್ಕನ ಮಾತನ್ನು ದೊಡ್ಡದಾಗಿ ಬರೆದುಕೊಳ್ಳಿ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ ಅಂತ 2023ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಅದೇ ಅಧ್ಯಯನದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು, "ಸ್ನಾನಕ್ಕೆ ಒಪ್ಪುತ್ತಿಲ್ಲವಾ, ಒಂದು ಒತ್ತಿ" ಅಂತ ಕನ್ನಡದಲ್ಲಿ ಎರಡು ನಿಮಿಷ ಹೇಳುವ ವ್ಯವಸ್ಥೆ ಮಾಡಿ. ಕೊನೆಯಲ್ಲಿ "ಮನುಷ್ಯರ ಜೊತೆ ಮಾತಾಡಲು ಒಂಬತ್ತು". ಆ ಒಂಬತ್ತಕ್ಕೆ ಸಂಜೆ 5ರಿಂದ 9 ಯಾರಾದರೂ ಇರಲೇಬೇಕು. ಬೆಳಗ್ಗೆ ಹತ್ತರಿಂದ ಐದು ಅಂತ ಇಟ್ಟರೆ, ಕಷ್ಟ ಶುರುವಾಗುವ ಹೊತ್ತಿಗೆ ನೀವು ಬಾಗಿಲು ಹಾಕಿದ ಹಾಗೆ.

ಕತ್ರಿಗುಪ್ಪೆ ರಾಘು

ಮಾಹಿತಿಯ ಸುರಕ್ಷೆಯನ್ನೂ ಮರೆಯಬೇಡಿ. ಸಿಟ್ಟು, ಬಟ್ಟೆ ಒದ್ದೆ ಮಾಡಿಕೊಂಡದ್ದು, ಇಂಥವೆಲ್ಲ ದನಿಯಲ್ಲಿ ಉಳಿಯುತ್ತವೆ. ಡಯಪರ್ ಕಂಪನಿಗೆ, ಇನ್ಶೂರೆನ್ಸ್‌ನವರಿಗೆ ಹೋಗಬಾರದು. 2023ರ ಡೇಟಾ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿ ಇದೆ. ಕಾಯಿಲೆ ಶುರುವಿನಲ್ಲಿದ್ದರೆ ಹಿರಿಯರನ್ನೇ ಕೇಳಿ, ಅವರ ಉತ್ತರವನ್ನೂ ರೆಕಾರ್ಡ್ ಮಾಡಿ ಇಡಿ. ಮಾನಸಿಕ ಆರೋಗ್ಯ ಕಾಯ್ದೆ, 2017ರಲ್ಲಿ ತಮ್ಮ ಪರವಾಗಿ ನಿರ್ಧರಿಸುವವರು ಯಾರು ಅಂತ ಮೊದಲೇ ಬರೆದಿಡಲು ಅವಕಾಶವಿದೆ. ಅರಿವು ಇರುವಾಗಲೇ ಮಾಡಿಸಿ.

ದೂರದ ಮಗ

ಒಂದು ಸಣ್ಣ ಪ್ರಶ್ನೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಆ ವಯಸ್ಸಿನವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯ ಆಯುಷ್ಮಾನ್ ವಯ ವಂದನಾ ಕಾರ್ಡ್‌ನಲ್ಲಿ ನರ್ಸ್ ಖರ್ಚು ಸಿಗುತ್ತದಾ?

ಆಸ್ಪತ್ರೆ ಕೆಲಸದವಳು

ಇಲ್ಲ. ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆಗೆ ದಾಖಲಾದಾಗ ಮಾತ್ರ. ಮನೆಯ ನರ್ಸ್, ಡಯಪರ್, ಡೇ ಕೇರ್ ಯಾವುದೂ ಬರುವುದಿಲ್ಲ. ಆದರೂ ಕಾರ್ಡ್ ಮಾಡಿಸಿ, ಬಿದ್ದು ಸೊಂಟ ಮುರಿದರೆ ಬೇಕಾಗುತ್ತದೆ. ಡಿಮೆನ್ಷಿಯಾದ ದೊಡ್ಡ ಖರ್ಚು ಮನೆಯೊಳಗೇ ಇದೆ, ಅದನ್ನು ಯಾವ ಯೋಜನೆಯೂ ಇನ್ನೂ ಸರಿಯಾಗಿ ಮುಟ್ಟಿಲ್ಲ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇದಕ್ಕೇ.

ಯಲಹಂಕ ಡೆವಲಪರ್

ಬರೆದುಕೊಂಡೆ. ದನಿಯ ದಿನಚರಿ, ಕೇಳುವ ಪರಿಚಯ ಪುಟ, ಮಿಸ್ಡ್ ಕಾಲ್ ಸೇವೆ, ಡೇ ಕೇರ್ ಪಟ್ಟಿ. ಆಟ ಇಲ್ಲ, ಅಂಕ ಇಲ್ಲ. ಮೊದಲು ಪರಿಚಯ ಪುಟದಿಂದ ಶುರು ಮಾಡುತ್ತೇವೆ, ಅದಕ್ಕೆ ಸರ್ವರ್ ಕೂಡ ಬೇಡ, ಫೋನಿನಲ್ಲೇ ಇರಲಿ. ಯಾರಾದರೂ ಮೊದಲು ಬಳಸಿ ನೋಡಿ ಹೇಳುತ್ತೀರಾ? ಹಾಸನದ ಅಕ್ಕ, ನೀವು ಒಪ್ಪಿದರೆ ನಿಮ್ಮ ಸಮಯಕ್ಕೆ ದುಡ್ಡು ಕೊಟ್ಟೇ ಕೇಳುತ್ತೇವೆ.

ಹಾಸನದ ಹುಡುಗಿ

ಒಪ್ಪುತ್ತೇನೆ ಸರ್. ಭಾನುವಾರ ನನಗೆ ರಜೆ. ಅಕ್ಷರ ದೊಡ್ಡದಾಗಿರಲಿ. ಅಜ್ಜಿಗೆ ಯಾವ ಕಿವಿ ಕೇಳಿಸುತ್ತದೆ, ಹಲ್ಲುಸೆಟ್ ಇದೆಯಾ, ಯಾವ ಪಕ್ಕಕ್ಕೆ ಮಲಗುತ್ತಾರೆ, ಅದನ್ನೂ ಸೇರಿಸಿ.

ಶ್ರೀನಗರದ ಸೊಸೆ

ನಾನೂ ಬರುತ್ತೇನೆ. ಮಾವನವರ ಹೆಸರು, ಫೋಟೊ ಬೇಡ. ಕರೆ ಮಾಡುವುದಾದರೆ ರಾತ್ರಿ ಒಂಬತ್ತರ ಮೇಲೆ ಮಾಡಿ, ಅಷ್ಟೊತ್ತಿಗೆ ಅವರು ಮಲಗಿರುತ್ತಾರೆ. ಪರಿಚಯ ಪುಟಕ್ಕೆ ಅತ್ತೆಯ ಕೈಯಲ್ಲೇ ಮಾತಾಡಿಸುತ್ತೇನೆ, ಎಚ್‌ಎಂಟಿ ಕಾಲೊನಿಯ ದಿನಗಳು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.